ರಂಗೂನಿನ ಮೇಲೆ ಹಾಯ್ದು ಬಂದ ಹುಕ್ಕೇರಿ

‘ಹುಕ್ಕೇರಿಯ ನಿನ್ನ ಗೆಳೆಯ ವಾರದಿಂದ ನಿನ್ನನ್ನು ಕರೆಯುತ್ತಿದ್ದಾನೆ. ಅವನ ಮೇಲೆ ನಿನಗೇಕೆ ಸಿಟ್ಟು?’ ಎಂದು ರಂಗೂನಿನ ರೇಡಿಯೋ ಹವ್ಯಾಸಿ ಟಿಕ್ಕುಟಕ್ಕು ಸಂಕೇತದಲ್ಲಿ ಕೇಳಿದ. ನಾನು ಪೆನ್ಸಿಲ್ ಒಗೆದೆ.

ಸಿಟ್ಟು ಬರದೆ ಏನು? ವಾರವಿಡೀ ಗೋಕಾಕದ ನಮ್ಮ ಮಾಳಿಗೆಯ ಮೇಲೆ ಕೂತು ನಾನು ಕರೆದದ್ದೂ ಆ ದಸ್ತಗೀರನನ್ನೇ. ಇಬ್ಬರೂ ಲೈಸೆನ್ಸ್ ಪಡೆದು ಒಂದೇ ತರಹದ ಯಂತ್ರ ಕಟ್ಟಿದ್ದೆವು. ಅವನು ತನ್ನದನ್ನು ಹಚ್ಚುವುದೇ ಇಲ್ಲವೆಂದು ಕಂಡಕಂಡವರ ಮುಂದೆ ಬೈದಿದ್ದೆ. ನೋಡಿದರೆ, ಮೇಲಕ್ಕೆ ಚಿಮ್ಮಿ ಆಕಾಶದಿಂದ ತಿರುಗಿ ಇಳಿಯುವ ನಮ್ಮ ಸಂಕೇತಗಳು ಪಕ್ಕದ ತಾಲೂಕನ್ನು ಹಾರಿ ಸಮುದ್ರದಾಚೆ ಬೀಳುತ್ತಿದ್ದವು.

ನನ್ನ ರೇಡಿಯೋದ ಏರಿಯಲ್ ತಂತಿ ಬಿಚ್ಚಿಸಲು ಮಾಳಿಗೆ ಹತ್ತಿ ಬಂದಿದ್ದ ಕಾಕಾಗೆ ಇದನ್ನೆಲ್ಲ ಹೇಳಿದೆ.

‘ಸೈಕಲ್ ಹತ್ತಿ ಹೋಗಿದ್ರ ಅಂವನ ಮನ್ಯಾಗ ಚಾ ಕುಡದ ಬರ್ತಿದ್ದಿ,’ ಎಂದರು.

ಅಷ್ಟಕ್ಕೇ ಬಿಡಲಿಲ್ಲ, ಪೇಟೆಯಲ್ಲೆಲ್ಲ ಸುದ್ದಿ ಹಬ್ಬಿಸಿದರು. ಮರುದಿನದಿಂದ ನನಗೆ ಒಂದೇ ಕಾಟ. ‘ರಂಗೂನದಾಂವಗ ಒಂದ ಮಾತ ಹೇಳ್ರಿ, ಹುಕ್ಕೇರ್ಯಾಗಿನ ನಮ್ಮ ಬೀಗರಿಗೆ ತಿಳಸ್ಲಿ,’ ಎಂದು ಜನ ಬಾಗಿಲಿಗೆ ಬರತೊಡಗಿದರು. ಬೀಗರ ಮಾತು ಒಯ್ಯಲು ಲೈಸೆನ್ಸ್ ಇಲ್ಲವೆಂದರೆ ಯಾರೂ ನಂಬಲಿಲ್ಲ.

ಯುದ್ಧ ಬಂತು, ಸರ್ಕಾರ ನಮ್ಮಿಬ್ಬರ ಯಂತ್ರಗಳನ್ನೂ ಒಯ್ದಿತು. ಈಗ ಹುಕ್ಕೇರಿಗೆ ಸೈಕಲ್ ಮೇಲೇ ಹೋಗುತ್ತೇನೆ. ದಸ್ತಗೀರ ಎದುರಿಗೇ ಕೂತು ಬೈಯುತ್ತಾನೆ. ರಂಗೂನಿನ ಮೇಲೆ ಬಾಂಬು ಬಿದ್ದ ಸುದ್ದಿ ಓದಿದ ದಿನ ಮಾತ್ರ ಬೈಗುಳ ಬಿಟ್ಟು ಇಬ್ಬರೂ ಆ ಪತ್ರಿಕೆಯನ್ನೇ ಮತ್ತೆ ಮತ್ತೆ ಓದಿದೆವು. ಅಲ್ಲಿಯ ಗೆಳೆಯ ಹೇಗಿದ್ದಾನೆಂದು ಕೇಳಿ ಹೇಳಲು ನಮಗೂ ಅವನಿಗೂ ನಡುವೆ ಯಾರೂ ಇಲ್ಲ.