ಏರಿನಲ್ಲಿ ಇಳಿದು ನಡೆದ ವೈನಿ

ಬಾಗಲಕೋಟೆಯಲ್ಲಿ ನಮ್ಮ ಪಕ್ಕದ ಮನೆಯವರು ಉಗಿಬಂಡಿಯ ಡ್ರೈವರ್. ಕೈಯಲ್ಲಿ ಸದಾ ಒಂದು ಎಣ್ಣೆಬಟ್ಟೆ; ಕಿಟಕಿಯ ಸರಳೋ ನನ್ನ ಸೈಕಲ್ಲೋ, ಎದುರಿಗೆ ಸಿಕ್ಕಿದ್ದನ್ನು ಒರೆಸುತ್ತಲೇ ಅವರ ಮಾತು. ಹಳೆಯದೆಂದು ಸ್ಟೇಷನ್ನಿನ ಮೂಲೆಯಲ್ಲಿ ನಿಲ್ಲಿಸಿದ್ದ ಪುಟ್ಟ ಎಂಜಿನ್ನೊಂದನ್ನು ಅವರು ಜೋಪಾನ ಮಾಡಿದ್ದರು. "ಆಕಿ ಸಣ್ಣಾಕಿ, ಖರೆ. ಆದ್ರ ಭಾಳ ಗಟ್ಟಿ" ಎನ್ನುವುದು ಅವರ ವಾಡಿಕೆ.

ಎಂಬತ್ತರ ದಶಕದ ಒಂದು ಚಳಿಗಾಲ, ಆ ಎಂಜಿನ್ನಿಗೆ ಮೂರು ಡಬ್ಬಿ ಕಟ್ಟಿ ಬಾದಾಮಿಗೆ ವಿಹಾರದ ರೈಲು ಬಿಡಲು ಮೇಲಿನವರು ಒಪ್ಪಿದರು. ದಾರಿಯಲ್ಲಿ ನಿಂತರೆ ಮಾತ್ರ ಅದನ್ನು ಗುಜರಿಗೆ ಹಾಕುತ್ತೇವೆ ಎಂದರು. ನಾವೆಲ್ಲ ಹತ್ತಿದೆವು. ನಾವು ವೈನಿ ಎನ್ನುತ್ತಿದ್ದ ಅವರ ಹೆಂಡತಿಯೂ ರೊಟ್ಟಿಬುತ್ತಿ ಹಿಡಿದು ಬಂದರು. ಗಂಡ ನಡೆಸುವ ರೈಲನ್ನು ಅವರು ಹತ್ತಿದ್ದು ಅಂದೇ ಮೊದಲು.

ಬಾದಾಮಿ ಹತ್ತಿರದ ಏರಿನಲ್ಲಿ ಗಾಲಿಗಳು ಜಾರತೊಡಗಿದವು. ರೈಲು ಎಷ್ಟು ನಿಧಾನವಾಯಿತೆಂದರೆ, ಪಕ್ಕದ ಕುರಿಹಿಂಡು ನಮ್ಮನ್ನು ದಾಟಿ ಹೋಯಿತು. ಆಗ ವೈನಿ ಡಬ್ಬಿಯಿಂದ ಇಳಿದು, ಎಂಜಿನ್ನಿನ ಪಕ್ಕ ನಡೆಯುತ್ತ ಕೂಗಿದರು: "ರೀ, ನಿಮ್ಮಾಕಿಗೆ ನಾ ಭಾರ ಆದ್ನೇನ್ರಿ? ಇಳದೇನಿ, ಈಗರ ಏರಸ್ರಿ!"

ನಗುತ್ತ ನಾವೂ ಒಬ್ಬೊಬ್ಬರಾಗಿ ಇಳಿದು ಜೊತೆಗೆ ನಡೆದೆವು. ಹಗುರಾದ ರೈಲು ನಿಲ್ಲದೆ ಏರು ದಾಟಿತು. ನಾವು ಓಡಿ ಡಬ್ಬಿ ಹತ್ತಿಕೊಂಡೆವು. ವೈನಿ ಹಿಂದೆ ಬೀಳುವುದನ್ನು ಕಂಡ ಡ್ರೈವರು ಕೈ ಚಾಚಿ, "ಬಾ, ಇಲ್ಲೇ ಹತ್ತು" ಎಂದು ಎಂಜಿನ್ನಿನೊಳಕ್ಕೇ ಎಳೆದುಕೊಂಡರು.

ಬಾದಾಮಿಯಲ್ಲಿ ರೈಲು ನಿಂತರೂ ಸೀಟಿ ನಿಲ್ಲಲಿಲ್ಲ. ಸ್ಟೇಷನ್ ಮಾಸ್ತರರು ಗಾಬರಿಯಿಂದ ಓಡಿಬಂದು ನೋಡಿದರೆ, ಮುಖವೆಲ್ಲ ಮಸಿಯಾಗಿದ್ದ ವೈನಿ ಸೀಟಿಯ ಸರಪಳಿಗೆ ಜೋತುಬಿದ್ದು ನಗುತ್ತಿದ್ದರು. ಡ್ರೈವರು ಬಿಡಿಸಲು ಹೋಗದೆ ಪಕ್ಕದಲ್ಲಿ ಕೈಕಟ್ಟಿ ನಿಂತು ಹೆಂಡತಿಯನ್ನೇ ನೋಡುತ್ತಿದ್ದರು.