ನಡುದಾರಿಯ ತಿರುವಿಗೆ ಒಂದು ಪದ

ಗೆಳೆಯರೇ, ಇವತ್ತು ಯಾದವಗಿರಿಯ ಒಂದು ಉಪನ್ಯಾಸದಲ್ಲಿ ಎದ್ದು ನಿಂತು ಜಗಳ ಆಡಿ ಬಂದೆ. ಎಂಜಿನ್ ಒಂದು ಕ್ಷಣವೂ ಆರದ ಗಗನನೌಕೆ ಮಂಗಳ ಗ್ರಹಕ್ಕೆ ಆದಷ್ಟು ಬೇಗ ಹೋಗಿ ನಿಲ್ಲುವ ದಾರಿ ಯಾವುದು ಎಂಬುದು ವಿಷಯ. ಮಾತೆಲ್ಲ ಇಂಗ್ಲಿಷಿನಲ್ಲಿ. "ಸ್ವಲ್ಪ ಕನ್ನಡದಲ್ಲಿ ಹೇಳಮ್ಮ" ಎಂದೆ.

"ಇದಕ್ಕೆಲ್ಲ ಕನ್ನಡದಲ್ಲಿ ಪದ ಎಲ್ಲಿದೆ ಸರ್?" ಎಂದರು ಉಪನ್ಯಾಸಕಿ, ಚಿಕ್ಕ ವಯಸ್ಸಿನವರು.

ರೇಗಿತು. ನಲವತ್ತು ವರ್ಷದ ಹಿಂದೆ ನಮ್ಮ ಕಾಲೇಜಿನ ಮೇಷ್ಟ್ರು ಇದೇ ಲೆಕ್ಕವನ್ನು ಮಂಡಿ ಮೊಹಲ್ಲಾದ ತಳ್ಳುಗಾಡಿ ತೋರಿಸಿ ಬಿಡಿಸಿದ್ದರು. "ಅರ್ಧ ದಾರಿ ಹಿಂದಿನಿಂದ ತಳ್ಳು. ಇನ್ನರ್ಧ ಮುಂದಕ್ಕೆ ಬಂದು ಅಷ್ಟೇ ಜೋರಾಗಿ ತಡಿ. ಮಧ್ಯೆ ಸುಮ್ನೆ ಮಾತ್ರ ಇರ್ಬೇಡ ಕಣೋ." ನೌಕೆಯೂ ಹಾಗೆಯೇ ನಡುದಾರಿಯಲ್ಲಿ ಬೆನ್ನು ತಿರುಗಿಸಿ, ಅದೇ ಎಂಜಿನ್ನಿನಿಂದ ವೇಗ ತಡೆಯಬೇಕು. ಆ ತಿರುವಿಗೆ ಮೇಷ್ಟ್ರು ಒಂದು ಪುಟ್ಟ ಕನ್ನಡ ಪದ ಇಟ್ಟಿದ್ದರು. ಇದನ್ನೆಲ್ಲ ಆಕೆಗೆ ಜೋರಾಗಿಯೇ ಹೇಳಿದೆ.

"ಹೇಳಿ ಸರ್, ಬರ್ಕೊತೀನಿ" ಎಂದು ಆಕೆ ಪೆನ್ನು ತೆಗೆದರು.

ಮೇಷ್ಟ್ರ ದನಿ ನೆನಪಾಯಿತು, ಸೀಮೆಸುಣ್ಣ ಮೆತ್ತಿದ ಬೆರಳು ನೆನಪಾಯಿತು, ಪದ ಬರಲಿಲ್ಲ. ಅವರ ಬಾಯಲ್ಲಿ ಅದನ್ನು ಇನ್ನೊಂದೇ ಒಂದು ಸಲ ಕೇಳಬೇಕೆನಿಸಿತು. ಕೇಳೋಣವೆಂದರೆ ಅವರಿಲ್ಲ.

"ನಿಮ್ ನೋಟ್ಸಲ್ಲಿ ಇರ್ಬೇಕಲ್ವಾ ಸರ್?"

ನೋಟ್ಸ್ ಇದೆ. ಮೇಷ್ಟ್ರು ಕನ್ನಡದಲ್ಲಿ ಹೇಳಿದ್ದನ್ನೆಲ್ಲ ಪರೀಕ್ಷೆಗೆ ಬೇಕೆಂದು ನಾನೇ ಅಚ್ಚುಕಟ್ಟಾಗಿ ಇಂಗ್ಲಿಷಿನಲ್ಲಿ ಬರೆದುಕೊಂಡಿದ್ದೆ.