ಗೊಂಬೆಯ ಕಣ್ಣು ಕೀಳುವವಳು

ಅಂಗಡಿಯಲ್ಲಿ ಎಲ್ಲರೂ ಅವಳಿಗೆ ಇಟ್ಟಿದ್ದ ಹೆಸರು ಡೌಟಮ್ಮ. ಕರೆಯುತ್ತಿದ್ದುದು ಬೆನ್ನ ಹಿಂದೆಯೇ. ಆದರೆ ಬೆನ್ನ ಹಿಂದೆ ಏನು ನಡೆಯುತ್ತಿದೆ ಎನ್ನುವುದೇ ಅವಳ ಜೀವಮಾನದ ಚಿಂತೆಯಾಗಿದ್ದರಿಂದ ಅದು ಅವಳ ಕಿವಿಗೆ ಬೀಳದೆ ಇರಲಿಲ್ಲ. ಹಾಲಿನವನು ನಕ್ಕರೆ ಹಾಲಿಗೆ ನೀರು ಬೆರೆಸಿದ್ದಾನೆ, ನಗದಿದ್ದರೆ ಇನ್ನೂ ಜಾಸ್ತಿ ಬೆರೆಸಿದ್ದಾನೆ. ಅವಳ ತಡಕಾಟ ತಾಳದೆ ಅತ್ತೆ ತಮ್ಮ ಪೆಟ್ಟಿಗೆಗೆ ಬೀಗ ಜಡಿದಿದ್ದರು. ಗಂಡ ಬೇಗ ಮನೆಗೆ ಬಂದರೆ ಏನೋ ಮುಚ್ಚಿಡುತ್ತಿದ್ದಾನೆ. ತಡವಾಗಿ ಬಂದರೆ, ಆ ಕಥೆ ಕೇಳಲೇಬೇಡಿ.

ಇಂಥವಳು ಆಟಿಕೆ ಅಂಗಡಿಯ ಕೌಂಟರಿನಲ್ಲಿ ವರ್ಷಗಟ್ಟಲೆ ಕೂತಿದ್ದಳು ಎನ್ನುವುದೇ ಸೋಜಿಗ. ಗಿರಾಕಿ ಒಳಗೆ ಕಾಲಿಟ್ಟರೆ ಅವಳ ಕಣ್ಣು ಮೊದಲು ಹೋಗುತ್ತಿದ್ದುದು ಅವರ ಚೀಲಕ್ಕೆ. ಕೊನೆಗೊಂದು ದಿನ, ಮನೆಯಿಂದಲೇ ತಂದ ಗೊಂಬೆಯನ್ನು ಅವಚಿಕೊಂಡಿದ್ದ ಮಗುವಿನ ಕೈಯಿಂದ ಅದನ್ನು ಕಿತ್ತುಕೊಂಡು, "ಇದಕ್ಕೆ ಬಿಲ್ ಆಗಿದ್ಯಾ?" ಎಂದು ತಾಯಿಯನ್ನು ಕೇಳಿಬಿಟ್ಟಳು. ಗೊಂಬೆಯ ಒಂದು ಕಾಲು ಸವೆದು ನೂಲು ಹೊರಬಂದಿತ್ತು. ಮಗು ಚಾವಣಿ ಹಾರಿಹೋಗುವಂತೆ ಅತ್ತಿತು. ತಾಯಿ ಬೀದಿಯಲ್ಲಿ ನಿಂತು ಅಂಗಡಿಯ ಮಾನ ಹರಾಜು ಹಾಕಿದಳು.

ಮರುದಿನ ಅಂಗಡಿಯ ಯಜಮಾನರು ಅವಳನ್ನು ಕರೆದರು. "ನಾಳೆಯಿಂದ ಹಿಂದಿನ ಕೋಣೆಗೆ ಬನ್ನಿ ಅಮ್ಮ. ಹೊಲಿದ ಗೊಂಬೆಗಳನ್ನ ಎಳೆದು, ಜಗ್ಗಿ ನೋಡೋ ಕೆಲಸ. ನಿಮಗೇ ಹೇಳಿ ಮಾಡಿಸಿದ ಹಾಗಿದೆ."

ಹೇಳಿ ಮಾಡಿಸಿದ ಹಾಗಂತೆ! ಆ ಮಾತಿನಲ್ಲೇ ಅವಳಿಗೆ ಹುಳುಕು ಕಂಡಿತು. ಸಂಜೆ ಸೈಕಲ್ ರಿಪೇರಿ ಮುಗಿಸಿ ಬಂದ ಗಂಡ ಕೈಯ ಎಣ್ಣೆಮಸಿ ತೊಳೆಯುವಷ್ಟರಲ್ಲಿ ಅವಳು ಇಡೀ ಸಂಚನ್ನು ಬಿಡಿಸಿಟ್ಟಳು. "ಮೊದಲು ಹಿಂದಿನ ಕೋಣೆ, ಆಮೇಲೆ ಹಿಂದಿನ ಬಾಗಿಲು. ನನ್ನನ್ನ ಕೆಲಸದಿಂದ ತೆಗೆಯೋಕೆ ದಾರಿ ರೀ ಇದು! ಕೌಂಟರಿಗೆ ಆಗಲೇ ಯಜಮಾನರ ತಮ್ಮನ ಮಗಳು ಬಂದು ಕೂತಾಯ್ತು."

"ಹೋಗಿ ನೋಡು, ಆಮೇಲೆ ಜಗಳ ಆಡು," ಎಂದ ಗಂಡ. ಅವನು ಇಷ್ಟು ತಣ್ಣಗೆ ಯಾಕೆ ಹೇಳಿದ ಎಂದು ಅವಳಿಗೆ ಅದೂ ಒಂದು ಅನುಮಾನ.

ಹಿಂದಿನ ಕೋಣೆಯಲ್ಲಿ ಹತ್ತಿಯ ಮೂಟೆಗಳು, ಒಂದು ಉದ್ದನೆಯ ಮೇಜು, ಹೊಲಿಗೆ ಯಂತ್ರದ ಮುಂದೆ ಒಬ್ಬ ಹೊಲಿಗೆಯವಳು. ಮಕ್ಕಳು ಗೊಂಬೆಯನ್ನು ಬಾಯಿಗೆ ಹಾಕುತ್ತವೆ. ಕಣ್ಣಿನ ಗುಂಡಿ ಕಳಚಿ ಗಂಟಲಿಗೆ ಸಿಕ್ಕಿಕೊಂಡರೆ ಜೀವಕ್ಕೇ ಕುತ್ತು. ಅದಕ್ಕೇ ಈ ತಪಾಸಣೆ. ಡೌಟಮ್ಮ ತನ್ನದೇ ಒಂದು ಲೆಕ್ಕ ಹಾಕಿದಳು: ಸಿಕ್ಕಿದ್ದನ್ನೆಲ್ಲ ಕಿತ್ತು ಪಕ್ಕಕ್ಕೆಸೆದರೆ ಯಜಮಾನರು ರೋಸಿಹೋಗಿ ತಾವಾಗಿಯೇ ವಾಪಸ್ ಕೌಂಟರಿಗೆ ಕರೆಯುತ್ತಾರೆ. ಸರಿ, ಶುರುಮಾಡಿದಳು. ಕಣ್ಣು ಹಿಡಿದು ಜಗ್ಗಿದಳು, ಕಿವಿ ತಿರುಚಿದಳು, ಕರಡಿಯ ಮೂಗನ್ನು ಹಲ್ಲಿನಲ್ಲಿ ಕಚ್ಚಿ ಎಳೆದಳು.

"ಅಕ್ಕಾ, ಅದು ಗೊಂಬೆ, ನಿಮ್ಮ ನಾದಿನಿ ಅಲ್ಲ," ಎಂದಳು ಹೊಲಿಗೆಯವಳು.

ಡೌಟಮ್ಮನಿಗೆ ನಗು ಬಂದುಬಿಟ್ಟಿತು. ಯಾಕೆ ಬಂತು ಎಂದು ಮಧ್ಯಾಹ್ನವೆಲ್ಲ ತಲೆಕೆಡಿಸಿಕೊಂಡಳು.

ಯಜಮಾನರು ರೋಸಿಹೋಗಲಿಲ್ಲ. ಕಿತ್ತುಬಂದ ಕಣ್ಣುಗಳ ರಾಶಿಯನ್ನು ಬೆರಳಲ್ಲಿ ಆಡಿಸಿ ನೋಡಿ, ಹೊಲಿಗೆಯವಳಿಗೆ ಗಟ್ಟಿ ದಾರ ತಂದುಕೊಟ್ಟರು. "ನೀವು ನೋಡಿ ಬಿಟ್ಟಿದ್ದನ್ನ ಕಣ್ಣು ಮುಚ್ಚಿ ಮಾರಬಹುದಮ್ಮ," ಎಂದರು. ಇಷ್ಟು ಬೆಣ್ಣೆ ಹಚ್ಚಬೇಕಾದರೆ ಹಿಂದೆ ದೊಡ್ಡ ಕಾರಣವೇ ಇರಬೇಕು ಎಂದುಕೊಂಡಳು. ಯಜಮಾನರು ಎದುರು ಸಿಕ್ಕಾಗಲೆಲ್ಲ "ನನ್ನ ಜಾಗ ನನಗೆ ಕೊಡಿ" ಎಂದು ರಾಗ ತೆಗೆಯುವುದನ್ನೂ ಬಿಡಲಿಲ್ಲ. ಆದರೂ ಹೊಲಿಗೆ ಯಂತ್ರ ನಿಂತಾಗಲೇ ಸಂಜೆಯಾಯಿತೆಂದು ಅವಳಿಗೆ ಗೊತ್ತಾಗುತ್ತಿತ್ತು. ಒಂದು ದಿನ ಕೆಲಸದ ನಡುವೆ ಯಾರೋ ಗುನುಗುತ್ತಿದ್ದಾರೆ ಎಂದು ಸುತ್ತ ನೋಡಿದಳು. ಗುನುಗುತ್ತಿದ್ದವಳು ತಾನೇ! ತಕ್ಷಣ ಬಾಯಿ ಮುಚ್ಚಿಕೊಂಡಳು.

ಕೆಲವು ತಿಂಗಳು ಕಳೆದವು. ಯಜಮಾನರ ತಮ್ಮನ ಮಗಳಿಗೆ ಬೇರೆಲ್ಲೋ ಕೆಲಸ ಸಿಕ್ಕಿತು. "ನಿಮ್ಮ ಜಾಗ ನಿಮಗೇ. ಸೋಮವಾರದಿಂದ ಮುಂದೆ ಬಂದು ಕೂತ್ಕೊಳ್ಳಿ," ಎಂದರು ಯಜಮಾನರು. ಗೆದ್ದವಳಿಗೆ ಖುಷಿಯಾಗಬೇಕಿತ್ತು. ಆಗಲಿಲ್ಲ.

ಅಂದು ಸಂಜೆ ತಟ್ಟೆಯ ಮುಂದೆ ಕೂತವಳು ತುತ್ತು ಎತ್ತಲಿಲ್ಲ. ಗಂಡ ಅದನ್ನು ನೋಡಿ, "ನಿಂಗೆ ಆ ಹಿಂದಿನ ಕೋಣೆ ಹಿಡಿಸಿಬಿಟ್ಟಿದೆ ಕಣೆ," ಎಂದ.

"ಯಾರು ಹೇಳಿದ್ದು? ಆ ಹೊಲಿಗೆಯವಳಾ?"

"ಯಾರೂ ಹೇಳಿಲ್ಲ. ನೀನು ನನ್ನ ಜೇಬು ತಡಕಾಡಿ ಎಷ್ಟು ದಿನ ಆಯ್ತು, ಹೇಳು? ಅಮ್ಮನೂ ತನ್ನ ಪೆಟ್ಟಿಗೆಗೆ ಬೀಗ ಹಾಕೋದು ಬಿಟ್ಟಿದ್ದಾಳೆ. ಬಾಯಿಬಿಟ್ಟರೆ ಎಲ್ಲಿ ಮತ್ತೆ ಶುರುಮಾಡ್ತೀಯೋ ಅಂತ ನಾವಿಬ್ಬರೂ ಸುಮ್ಮನಿದ್ವಿ."

ಅವಳು ನಂಬಲಿಲ್ಲ. ಎದ್ದು ಅತ್ತೆಯ ಕೋಣೆಗೆ ಹೋಗಿ ನೋಡಿದಳು. ಮಂಚದ ಕೆಳಗಿನ ಪೆಟ್ಟಿಗೆಗೆ ನಿಜವಾಗಿಯೂ ಬೀಗವಿರಲಿಲ್ಲ. ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದ ಅತ್ತೆ ತಲೆಯೆತ್ತಿ, "ಏನಾದ್ರೂ ಬೇಕಿತ್ತಾ ಮಗಾ? ತೆಗೆದು ನೋಡು," ಎಂದರು.

ಮದುವೆಯಾಗಿ ಇಷ್ಟು ವರ್ಷದಲ್ಲಿ ಅತ್ತೆ ಅವಳಿಗೆ ಹಾಗೆ ಹೇಳಿದ್ದು ಅದೇ ಮೊದಲು. "ಏನೂ ಬೇಡ ಅತ್ತೆ," ಎಂದು ಎಣ್ಣೆಯ ಬಟ್ಟಲನ್ನು ಅವರ ಹತ್ತಿರಕ್ಕೆ ಸರಿಸಿದಳು. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಹೆದರಿಕೆಯಾಯಿತು.

ಬೆಳಿಗ್ಗೆ ಅಂಗಡಿಯ ಬಾಗಿಲು ತೆರೆಯುವ ಮೊದಲೇ ಹೋಗಿ ಕಾಯುತ್ತಾ ನಿಂತಳು. "ಕೌಂಟರ್ ನಂಗೆ ಬೇಡ. ಹಿಂದೇನೇ ಇರ್ತೀನಿ," ಎಂದಳು.

ಯಜಮಾನರು ಬೀಗ ತೆಗೆಯುವುದನ್ನು ಬಿಟ್ಟು ಅವಳತ್ತ ತಿರುಗಿದರು. "ಇಷ್ಟು ದಿನ ಅದಕ್ಕೇ ನನ್ನ ಜೀವ ತಿಂದ್ರಲ್ಲಮ್ಮ?"

"ತಿಂದೆ. ನಾನು ಎಂಥವಳು ಅಂತ ನಂಗೇ ಗೊತ್ತಿರಲಿಲ್ಲ. ಈ ಅನುಮಾನ ನನ್ನ ರಕ್ತದಲ್ಲೇ ಇದೆ, ಎಲ್ಲೂ ಹೋಗಲ್ಲ. ಅದನ್ನ ಗೊಂಬೆ ಮೇಲೆ ಖರ್ಚು ಮಾಡಿದ್ರೆ ಯಾರ ಮಗುವಿಗೋ ಒಳ್ಳೇದು. ಕೌಂಟರಲ್ಲಿ ಕೂತ್ರೆ ಮತ್ತೆ ಅದನ್ನ ಮನೆಗೆ ಹೊತ್ಕೊಂಡು ಹೋಗ್ತೀನಿ," ಎಂದಳು ಅವಳು. "ನಮ್ಮತ್ತೆ ಈಗಷ್ಟೇ ಬೀಗ ತೆಗೆದಿದ್ದಾರೆ."